ಚಳಿಯಿಲ್ಲದ ಸೀಮೆಯಲ್ಲಿ ಹೀಟರ್ ಸೋರಿದರೆ

ಬುಕ್ಕಸಾಗರದಲ್ಲಿ ಪಿಕಪ್ ಓಡಿಸುವವರನ್ನು ಹೀಟರ್ ಬಗ್ಗೆ ಕೇಳಿದರೆ ಮೊದಲು ನಗುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವ ಸೀಮೆ ಇದು. ಬಾಳೆಗೊನೆ, ಕಬ್ಬು, ಭತ್ತ ಹೇರಿಕೊಂಡು ಹೊಸಪೇಟೆಗೋ ಕಂಪ್ಲಿಗೋ, ಹೊಳೆ ದಾಟಿ ಗಂಗಾವತಿ ಕಡೆಗೋ ಹೊರಡುವ ಗಾಡಿಗೆ ಬೇಕಾಗಿರುವುದು ಗಾಳಿ. ಆದರೂ ಬಹಳಷ್ಟು ಮಾದರಿಗಳಲ್ಲಿ ಡ್ಯಾಶ್‌ಬೋರ್ಡಿನ ಹಿಂದೆ ಅಂಗೈಯಗಲದ ಇನ್ನೊಂದು ರೇಡಿಯೇಟರ್ ಅಡಗಿ ಕುಳಿತಿರುತ್ತದೆ. ಅದೇ ಹೀಟರ್ ಕೋರ್. ಶಿಮ್ಲಾದ ಚಳಿಗೂ ಸಂಡೂರಿನ ಬಿಸಿಲಿಗೂ ಕಂಪನಿಯಿಂದ ಹೊರಬೀಳುವ ಗಾಡಿ ಒಂದೇ ಅಲ್ಲವೇ. ಹೆಚ್ಚಿನವರು ಬಳಸದ ಈ ಭಾಗ ಸೋರಲು ತೊಡಗಿದಾಗ ಮಾತ್ರ ಅದೊಂದು ಇದೆ ಎಂಬುದು ಮಾಲೀಕನಿಗೆ ಗೊತ್ತಾಗುತ್ತದೆ. ಅದನ್ನು ಪತ್ತೆ ಹಚ್ಚುವುದು, ಸರಿಪಡಿಸುವುದು ಒಂದು ಕಸುಬು. ಅರ್ಧ ಗ್ಯಾರೇಜಿನದು, ಅರ್ಧ ರೇಡಿಯೇಟರ್ ಬೆಸುಗೆಯ ಅಂಗಡಿಯದು.

ದೂರು ಶುರುವಾಗುವುದು ಹೀಗೆ: "ಅಣ್ಣಾ, ಗಾಡಿ ನೀರು ಕುಡಿಯಾಕ ಹತ್ತೈತಿ. ಕೆಳಗ ನೋಡಿದ್ರ ಒಂದು ಹನಿ ಇಲ್ಲ." ನಿಜ, ನೆಲದ ಮೇಲೆ ಹನಿ ಇರುವುದಿಲ್ಲ. ಎಂಜಿನ್ನಿನ ಬಿಸಿ ನೀರು ಎರಡು ರಬ್ಬರ್ ಪೈಪುಗಳ ಮೂಲಕ ಕ್ಯಾಬಿನ್ನಿನ ಒಳಕ್ಕೆ ಬಂದು, ಕೋರ್ ಸುತ್ತಿ, ಮತ್ತೆ ಎಂಜಿನ್ನಿಗೆ ಹೋಗುತ್ತದೆ. ಕೋರ್ ತೂತು ಬಿದ್ದರೆ ನೀರು ಇಳಿಯುವುದು ರಸ್ತೆಗಲ್ಲ, ಕಾಲ ಕೆಳಗಿನ ಮ್ಯಾಟಿನೊಳಕ್ಕೆ. ಸಾಮಾನ್ಯವಾಗಿ ಎಡಗಡೆ ಕ್ಲೀನರ್ ಕೂರುವ ಜಾಗದಲ್ಲೇ ತೇವ ಮೊದಲು ಕಾಣುತ್ತದೆ. ಬ್ಲೋವರ್ ಹಾಕಿದರೆ ಸಿಹಿ ಸಿಹಿಯಾದ ವಾಸನೆ ಬರುತ್ತದೆ. ಮುಂದಿನ ಗಾಜಿನ ಒಳಮೈಗೆ ಎಣ್ಣೆ ಹಚ್ಚಿದಂಥ ಪೊರೆ ಕಟ್ಟುತ್ತದೆ, ಬಟ್ಟೆಯಲ್ಲಿ ಉಜ್ಜಿದರೆ ಇನ್ನಷ್ಟು ಹರಡುತ್ತದೆ. ರಾತ್ರಿ ಎದುರಿನ ಗಾಡಿಯ ಬೆಳಕು ಅದರ ಮೇಲೆ ಬಿದ್ದರೆ ರಸ್ತೆಯೇ ಕಾಣುವುದಿಲ್ಲ.

ಒಳ್ಳೆಯ ಮೇಸ್ತ್ರಿ ಇಷ್ಟು ಕೇಳಿದ ಕೂಡಲೇ ಡ್ಯಾಶ್‌ಬೋರ್ಡ್ ಬಿಚ್ಚಲು ಕೂರುವುದಿಲ್ಲ. ಮ್ಯಾಟ್ ಒದ್ದೆಯಾಗಲು ಬೇರೆ ಕಾರಣಗಳೂ ಇವೆ. ಏಸಿ ಇರುವ ಗಾಡಿಯಲ್ಲಿ ನೀರು ಹೊರಹೋಗುವ ಪೈಪು ಧೂಳು ತುಂಬಿ ಕಟ್ಟಿಕೊಂಡರೂ ಅಲ್ಲೇ ನೀರು ನಿಲ್ಲುತ್ತದೆ. ಮಳೆಗಾಲದಲ್ಲಿ ಗಾಜಿನ ಸುತ್ತಲ ರಬ್ಬರಿನಿಂದಲೂ ಇಳಿಯಬಹುದು. ಬೆರಳಿಗೆ ಹಚ್ಚಿ ತಿಕ್ಕಿ ನೋಡಿದರೆ ಗೊತ್ತಾಗುತ್ತದೆ: ಏಸಿಯ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಎಂಜಿನ್ನಿನ ನೀರಿಗೆ ಬೆರೆಸುವ ಕೂಲಂಟ್ ಜಾರುತ್ತದೆ, ಹಸಿರೋ ಗುಲಾಬಿಯೋ ಬಣ್ಣವಿರುತ್ತದೆ. ಮೂಸಬಹುದು, ನಾಲಗೆಗೆ ಮಾತ್ರ ಇಡಬಾರದು. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ.

ಇನ್ನೂ ಅನುಮಾನವಿದ್ದರೆ ಕೈಪಂಪು ಹೊರಬರುತ್ತದೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ರೇಡಿಯೇಟರ್ ಮುಚ್ಚಳದ ಜಾಗಕ್ಕೆ ಅದನ್ನು ಕೂರಿಸಿ, ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ಕೊಡುತ್ತಾರೆ, ಬಹುಪಾಲು ಗಾಡಿಗಳಲ್ಲಿ ಸುಮಾರು 1 ಬಾರ್. ಸ್ವಲ್ಪ ಹೊತ್ತು ಬಿಟ್ಟು ಮೀಟರಿನ ಮುಳ್ಳು ಇಳಿದಿದ್ದರೆ ಎಲ್ಲೋ ಸೋರುತ್ತಿದೆ ಎಂದಾಯಿತು. ಆಮೇಲಿನದು ನನಗೆ ಬಹಳ ಇಷ್ಟವಾದ ಉಪಾಯ. ಹೀಟರಿಗೆ ಹೋಗುವ ಎರಡೂ ಪೈಪುಗಳನ್ನು ಕ್ಲ್ಯಾಂಪಿನಲ್ಲಿ ಒತ್ತಿಹಿಡಿದು ಮತ್ತೆ ಒತ್ತಡ ಕೊಡುವುದು. ಈಗ ಮುಳ್ಳು ಅಲ್ಲಾಡದೆ ನಿಂತರೆ ಕಳ್ಳ ಸಿಕ್ಕಿಬಿದ್ದ. ಒಂದು ಸ್ಕ್ರೂ ಬಿಚ್ಚಿಲ್ಲ, ಸಾಮಾನಿಗೆ ಒಂದು ರೂಪಾಯಿ ಖರ್ಚಾಗಿಲ್ಲ. ಆಗಲೂ ಮುಳ್ಳು ಇಳಿಯುತ್ತಲೇ ಇದ್ದು ಹೊರಗೆಲ್ಲೂ ತೇವ ಕಾಣದಿದ್ದರೆ ಯೋಚನೆ ಎಂಜಿನ್ನಿನತ್ತ ತಿರುಗಬೇಕು. ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ನೀರು ಸಿಲಿಂಡರಿನೊಳಗೆ ಉರಿದುಹೋಗುತ್ತದೆ. ಸೈಲೆನ್ಸರಿನಲ್ಲಿ ಬಿಳಿ ಹೊಗೆ, ನೀರಿನ ಟ್ಯಾಂಕಿನಲ್ಲಿ ಗುಳ್ಳೆ.

ಕೋರೇ ಸೋರುತ್ತಿದೆ ಎಂದು ಖಾತ್ರಿಯಾದ ಮೇಲೆ ಇಲ್ಲಿ ನಡೆಯುವುದು ಬಹುತೇಕ ಒಂದೇ ಕೆಲಸ: ಎರಡೂ ಪೈಪುಗಳನ್ನು ಕೋರಿನಿಂದ ಕಿತ್ತು, ಬಾಗಿದ ಒಂದು ತುಂಡು ಪೈಪಿನಿಂದ ಒಂದಕ್ಕೊಂದು ಜೋಡಿಸಿ ಕ್ಲಿಪ್ ಬಿಗಿಯುವುದು. ನೀರು ಕ್ಯಾಬಿನ್ನಿಗೆ ಬಾರದೆ ಎಂಜಿನ್ ಕೋಣೆಯಲ್ಲೇ ತಿರುಗಿಹೋಗುತ್ತದೆ. ಅರ್ಧ ಗಂಟೆಯ ಕೆಲಸ, ಸಂಜೆಯ ಲೋಡಿಗೆ ಗಾಡಿ ಸಿದ್ಧ. ಪುಸ್ತಕ ಓದಿ ಕಲಿತವರು ಇದನ್ನು ಕಳ್ಳದಾರಿ ಎನ್ನಬಹುದು. ನಾನು ಹಾಗೆನ್ನಲಾರೆ, ಬಾಡಿಗೆಯ ಮೇಲೆ ಬದುಕುವ ಗಾಡಿಗೆ ಇದು ಸರಿಯಾದ ಲೆಕ್ಕವೇ. ಪೈಪಿನ ಬಾಯಿಗೆ ಬಿರಡೆ ಜಡಿದು ಕಳಿಸುವುದು ಮಾತ್ರ ತಪ್ಪು. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆಯುವ ಮುಂಚೆ ನೀರು ಸುತ್ತಾಡುವುದು ಈ ದಾರಿಯಲ್ಲೇ; ಅದನ್ನು ಮುಚ್ಚಿದರೆ ಎಂಜಿನ್ ಒಂದೆಡೆ ಕಾದು ಇನ್ನೊಂದೆಡೆ ತಣ್ಣಗಿರುತ್ತದೆ.

ಹೀಗೆ ಹೀಟರನ್ನೇ ತಪ್ಪಿಸಿದರೆ ಏನು ಕಳೆದುಕೊಳ್ಳುತ್ತೇವೆ ಎಂಬುದನ್ನು ಮಾಲೀಕನಿಗೆ ಹೇಳಲೇಬೇಕು. ಸಂಡೂರಿನ ಗುಡ್ಡದ ಏರಿನಲ್ಲಿ, ಮುಂದೆ ಅದಿರಿನ ಲಾರಿ ತೆವಳುತ್ತಿರುವಾಗ, ಭಾರ ಹೊತ್ತ ಪಿಕಪ್ಪಿನ ಟೆಂಪರೇಚರ್ ಮುಳ್ಳು ಕೆಂಪಿನತ್ತ ಹೊರಳಿದರೆ ಹಳೆಯ ಚಾಲಕರು ಮಾಡುವುದೇನು ಗೊತ್ತೇ? ಕಿಟಕಿ ಇಳಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರು ಮಾಡುತ್ತಾರೆ. ಎಂಜಿನ್ನಿನ ಬಿಸಿಯಲ್ಲಿ ಒಂದು ಪಾಲು ಇವರ ಮೊಣಕಾಲಿನ ಮೇಲೆ ಬಂದು ಬೀಳುತ್ತದೆ. ಬೆವರು ಕಿತ್ತು ಬಂದರೂ ಮುಳ್ಳು ಇಳಿಯುತ್ತದೆ, ಗಾಡಿ ನಿಲ್ಲಿಸುವ ಜಾಗ ಸಿಗುವವರೆಗೆ ಅಷ್ಟು ಸಾಕು. ಈ ಸೀಮೆಯಲ್ಲಿ ಹೀಟರಿನ ನಿಜವಾದ ಉಪಯೋಗ ಇದೇ. ಮಳೆಗಾಲದಲ್ಲಿ ಗಾಜಿನ ಮಂಜು ಬಿಡಿಸಲೂ ಅದು ಬೇಕು.

ಬೇಕೇ ಬೇಕು ಎಂದವರಿಗೆ ದೊಡ್ಡ ಕೆಲಸ ಕಾದಿದೆ. ಬ್ಯಾಟರಿ ತಪ್ಪಿಸಬೇಕು, ಡ್ಯಾಶ್‌ಬೋರ್ಡ್ ಇಳಿಸಬೇಕು, ಕೆಲವು ಗಾಡಿಗಳಲ್ಲಿ ಸ್ಟೇರಿಂಗ್ ಕಂಬವನ್ನೂ ಸಡಿಲಿಸಬೇಕು. ಏಸಿಯ ಕಾಯಿಲ್ ಅದೇ ಪೆಟ್ಟಿಗೆಯಲ್ಲಿದ್ದರೆ ಮೊದಲು ಗ್ಯಾಸ್ ತೆಗೆಯಬೇಕು. ಹೊರಬಂದ ಕೋರ್ ಸೈಕಲ್ಲಿನ ಮೇಲೋ ಬೈಕಿನ ಮೇಲೋ ರೇಡಿಯೇಟರ್ ಅಂಗಡಿಗೆ ಹೋಗುತ್ತದೆ.

ಆ ಅಂಗಡಿಯಲ್ಲಿ ನೀರು ತುಂಬಿದ ತೊಟ್ಟಿಯೇ ತೀರ್ಪು ಹೇಳುವ ಕಟ್ಟೆ. ಕೋರಿನ ಒಂದು ಬಾಯಿ ಮುಚ್ಚಿ, ಇನ್ನೊಂದಕ್ಕೆ ಗಾಳಿ ಬಿಟ್ಟು ಮುಳುಗಿಸಿದರೆ ಗುಳ್ಳೆ ಎದ್ದ ಕಡೆ ತೂತು. ತಾಮ್ರ-ಹಿತ್ತಾಳೆಯ ಹಳೆಯ ಕೋರ್ ಆದರೆ ಮೇಸ್ತ್ರಿಯ ಮುಖ ಅರಳುತ್ತದೆ: ಉಜ್ಜಿ, ಆಮ್ಲ ಹಚ್ಚಿ, ತವರ-ಸೀಸದ ಬೆಸುಗೆ ಹರಿಸಿದರೆ ವರ್ಷಗಟ್ಟಲೆ ಬಾಳುತ್ತದೆ. ಆ ಬೆಸುಗೆ 190 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ, ಪಕ್ಕದ ಹಳೆಯ ಬೆಸುಗೆ ಬಿಟ್ಟುಕೊಳ್ಳದಂತೆ ಶಾಖ ತೋರಿಸುವುದರಲ್ಲಿದೆ ಕೈಚಳಕ. ಈಗಿನ ಗಾಡಿಗಳದು ಅಲ್ಯೂಮಿನಿಯಂ ಕೋರ್, ಎರಡು ತುದಿಗೆ ಪ್ಲಾಸ್ಟಿಕ್ ಟ್ಯಾಂಕ್. ಅದಕ್ಕೆ ಈ ಬೆಸುಗೆ ಹಿಡಿಯುವುದಿಲ್ಲ. ಅಂಟು ಮೆತ್ತಿ ಕೊಡುವವರಿದ್ದಾರೆ. ಅದನ್ನು ನಂಬಿ ಮತ್ತೊಮ್ಮೆ ಡ್ಯಾಶ್‌ಬೋರ್ಡ್ ಇಳಿಸುವುದಕ್ಕಿಂತ ಹೊಸದನ್ನೇ ಹಾಕುವುದು ಲೇಸು. ರೇಡಿಯೇಟರಿಗೆ ಅರಿಶಿನ ಪುಡಿ ಸುರಿಯುವ ಹಳೆಯ ಮದ್ದೂ ಇದೆ. ಕಾಡುದಾರಿಯಿಂದ ಊರು ಸೇರಲು ಸರಿ, ಮನೆಗೆ ಬಂದ ಮೇಲೆ ಎಲ್ಲವನ್ನೂ ತೊಳೆಯಬೇಕು. ತೂತು ಮುಚ್ಚಿದ ಪುಡಿಯೇ ಕೋರಿನ ಸಣ್ಣ ನಾಳಗಳನ್ನೂ ಮುಚ್ಚುತ್ತದೆ.

ತೂತು ಬಿದ್ದದ್ದಾದರೂ ಏಕೆ? ಹೆಚ್ಚಿನ ಸಲ ಉತ್ತರ ಬೋರ್‌ವೆಲ್ ನೀರು. ಇಲ್ಲಿ ನೀರು ಹೆಪ್ಪುಗಟ್ಟುವ ಭಯವಿಲ್ಲ, ಹಾಗಾಗಿ ಕೂಲಂಟ್ ಏಕೆ ಎಂದು ಹಲವರು ಬರಿ ನೀರನ್ನೇ ತುಂಬುತ್ತಾರೆ. ಆದರೆ ಕೂಲಂಟ್ ಇರುವುದು ಹೆಪ್ಪು ತಡೆಯಲಷ್ಟೇ ಅಲ್ಲ, ಲೋಹವನ್ನು ತುಕ್ಕು ತಿನ್ನದಂತೆ ಕಾಯಲೂ ಹೌದು. ಗಡಸು ನೀರು ಕೋರಿನೊಳಗೆ ಸುಣ್ಣದ ಪೊರೆ ಕಟ್ಟುತ್ತದೆ. ಇನ್ನೊಂದು ಕಾರಣ ಯಾರ ಕಣ್ಣಿಗೂ ಬೀಳದು. ಪಿಕಪ್ಪುಗಳಿಗೆ ಹೆಚ್ಚುವರಿ ಲೈಟು, ಹಾರ್ನು, ಸ್ಪೀಕರ್ ಹಾಕಿಸುವ ಖಯಾಲಿ ನಮ್ಮಲ್ಲಿ ಇದೆಯಲ್ಲ, ಅವುಗಳ ಅರ್ತಿಂಗ್ ಸರಿಯಿಲ್ಲದಿದ್ದರೆ ಕರೆಂಟು ಕೂಲಂಟಿನ ಮೂಲಕವೇ ದಾರಿ ಹುಡುಕುತ್ತದೆ, ಹೊಸ ಕೋರನ್ನೂ ತಿಂಗಳುಗಳಲ್ಲಿ ತಿಂದುಹಾಕುತ್ತದೆ. ವೋಲ್ಟ್ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಕೂಲಂಟಿನೊಳಗೆ ಇಟ್ಟು, ಲೈಟು ಹಾರ್ನುಗಳನ್ನು ಒಂದೊಂದಾಗಿ ಹಾಕಿ ನೋಡಬೇಕು. 0.3 ವೋಲ್ಟ್ ದಾಟಿದರೆ ವೈರಿಂಗ್ ಕೆಲಸ ಮೊದಲು, ಕೋರ್ ಆಮೇಲೆ.

ಜೋಡಣೆ ಮುಗಿದ ಮೇಲೆ ಕೂಲಂಟನ್ನೂ ಶುದ್ಧ ನೀರನ್ನೂ ಸಮ ಸಮ ಬೆರೆಸಿ ತುಂಬುತ್ತಾರೆ. ಗಾಡಿಯ ಮೂತಿ ಮೇಲಾಗುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಹೀಟರ್ ತೆರೆದಿಟ್ಟು, ಒಳಗೆ ಸಿಕ್ಕ ಗಾಳಿ ಹೊರಹೋಗುವವರೆಗೆ ಎಂಜಿನ್ ಓಡಿಸುತ್ತಾರೆ. ಉಳಿಯುವುದು ಬಕೆಟ್ಟಿನಲ್ಲಿ ಇಳಿಸಿಟ್ಟ ಹಳೆಯ ಕೂಲಂಟ್. ಅದನ್ನು ಚರಂಡಿಗೆ ಚೆಲ್ಲಿದರೆ ಕೊನೆಗೆ ಸೇರುವುದು ಗದ್ದೆಯ ಕಾಲುವೆಗೇ. ವಿಜಯನಗರದ ಅರಸರ ಕಾಲದ ಕಾಲುವೆಗಳು ಈ ಭಾಗದಲ್ಲಿ ಇಂದಿಗೂ ಹರಿಯುತ್ತಿವೆ. ಬಕೆಟ್ಟನ್ನು ತೆರೆದಿಟ್ಟರೆ ಬೀದಿನಾಯಿ ಸಿಹಿಯೆಂದು ನೆಕ್ಕೀತು. ಮುಚ್ಚಳವಿರುವ ಕ್ಯಾನಿಗೆ ಹಾಕಿ, ಮೇಲೆ ಏನೆಂದು ಬರೆದು, ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಕುಡಿಯುವ ನೀರಿನ ಖಾಲಿ ಬಾಟಲಿಯಲ್ಲಂತೂ ಎಂದೂ ತುಂಬಿಡಬಾರದು.