ಗಂಟೆಗೆ 60 ಮೈಕ್ರಾನ್: ಗೀರಿದ ಕಣ್ಣಿನ ಓಟ

ಬ್ಯಾಸ್ಕೆಟ್‌ಬಾಲ್ ರಿಂಗಿಗೆ ಬಡಿದ ಚೆಂಡು ಹೊರಗೆ ಚಿಮ್ಮುತ್ತದೆ. ರೀಬೌಂಡ್‌ಗೆಂದು ನಾಲ್ಕು ಮಂದಿ ಒಟ್ಟಿಗೆ ಹಾರುತ್ತಾರೆ, ಎಂಟು ಕೈ ಮೇಲೇಳುತ್ತವೆ, ಯಾರದೋ ಉಗುರು ಯಾರದೋ ಕಣ್ಣಿಗೆ ತಗಲುತ್ತದೆ. ಅಷ್ಟೇ! ಹುಡುಗ ಕಣ್ಣು ಮುಚ್ಚಿಕೊಂಡು ಅಲ್ಲೇ ಕೂತುಬಿಡುತ್ತಾನೆ. ಒಂದೇ ಸಮನೆ ನೀರು, ಬೆಳಕು ಕಂಡರಾಗದು, ರೆಪ್ಪೆಯಡಿ ಮರಳು ಸುರಿದಂಥ ಉರಿ. ಕಣ್ಣೇ ಹೋಯಿತೆಂದು ಅವನು ನಡುಗುತ್ತಿರುವಾಗ, ಅದೇ ಕಣ್ಣಿನಲ್ಲಿ ಒಂದು ಅದ್ಭುತಕ್ಕೆ ಸಿದ್ಧತೆ ನಡೆದಿರುತ್ತದೆ!

ಗೀರಿದ್ದು ಕಾರ್ನಿಯಾ, ಕರಿಗುಡ್ಡೆಯ ಮುಂದಿರುವ ಪಾರದರ್ಶಕ ಪರದೆ. ಅದರ ದಪ್ಪವೇ ಅರ್ಧ ಮಿಲಿಮೀಟರು. ಉಗುರು ಕೆರೆದದ್ದು ಸಾಮಾನ್ಯವಾಗಿ ಅದರ ತೀರಾ ಮೇಲಿನ ಹೊದಿಕೆಯನ್ನು, ಅಂದರೆ ಸುಮಾರು 50 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು), ಐದಾರು ಸಾಲು ಜೀವಕೋಶ. ಅಷ್ಟಕ್ಕೇ ಇಷ್ಟು ನೋವೇ? ಆಗದೆ ಇರುತ್ತದೆಯೇ! ಚರ್ಮಕ್ಕಿಂತ ನೂರಾರು ಪಟ್ಟು ದಟ್ಟವಾಗಿ ನರದ ತುದಿಗಳು ಕಿಕ್ಕಿರಿದಿರುವ ಜಾಗವದು. ನರಗಳು ಅಷ್ಟಿದ್ದರೂ ರಕ್ತನಾಳ ಒಂದೂ ಇಲ್ಲ; ಇದ್ದಿದ್ದರೆ ನೋಟಕ್ಕೇ ಅಡ್ಡ ಬರುತ್ತಿತ್ತು. ನಾವು ಎಚ್ಚರವಾಗಿರುವಾಗ ಕಾರ್ನಿಯಾ ಹೊರಗಿನ ಗಾಳಿಯಿಂದಲೇ, ಕಣ್ಣೀರಿನ ಮೂಲಕ, ಆಮ್ಲಜನಕ ಹೀರಿಕೊಳ್ಳುತ್ತದೆ.

ರಕ್ತವೇ ಹರಿಯದ ಕಡೆ ಗಾಯ ಮಾಯುವುದು ಹೇಗೆ? ಇಲ್ಲಿದೆ ಸೋಜಿಗ. ಗಾಯದ ಅಂಚಿನ ಕೋಶಗಳು ಮೊದಲ ಕೆಲವು ಗಂಟೆ ತಟಸ್ಥವಾಗಿರುತ್ತವೆ. ಆಮೇಲೆ ಅಡಿಪಾಯದ ಮೇಲಿನ ತಮ್ಮ ಹಿಡಿತ ಸಡಿಲಿಸಿ, ಚಪ್ಪಟೆಯಾಗಿ, ಒಂದನ್ನೊಂದು ಬಿಡದೆ ಹಾಳೆಯಂತೆ ಬರಿದಾದ ಜಾಗದ ಮೇಲೆ ಜಾರತೊಡಗುತ್ತವೆ! ವೇಗ ಗಂಟೆಗೆ 60ರಿಂದ 80 ಮೈಕ್ರಾನ್. ಮೂರು ಮಿಲಿಮೀಟರು ಅಗಲದ ಗೀರನ್ನು ಎರಡೂ ದಡದಿಂದ ದಾಟಲು ಹೆಚ್ಚುಕಡಿಮೆ ಒಂದು ಹಗಲು, ಒಂದು ರಾತ್ರಿ. ನೆಲ ಮುಚ್ಚಿದ ಮೇಲೆ ಕೋಶಗಳು ವಿಭಜನೆಯಾಗಿ ದಪ್ಪ ತುಂಬಿಸುತ್ತವೆ. ಕರಿಗುಡ್ಡೆ ಬಿಳಿಗುಡ್ಡೆಗಳ ಗಡಿಯಲ್ಲಿ ಕೂತ ಕಾಂಡಕೋಶಗಳು ಹೊಸಬರನ್ನು ಕಳಿಸುತ್ತಲೇ ಇರುತ್ತವೆ. ಸಣ್ಣ ಗೀರಾದರೆ ಒಂದರಿಂದ ಮೂರು ದಿನಕ್ಕೆ ಮಾಯ, ಕಲೆಯೂ ಉಳಿಯದು!

ಈ ಗಾಯವನ್ನು ಬರಿಗಣ್ಣಿಗೆ ಕಾಣಿಸುವುದು ಒಂದು ಬಣ್ಣ. ರಸಾಯನವಿಜ್ಞಾನಿ ಅಡಾಲ್ಫ್ ಫಾನ್ ಬೇಯರ್ 1871ರಲ್ಲಿ ತಯಾರಿಸಿದ ಫ್ಲೋರೆಸೀನ್ ಅದು. ಅದನ್ನು ಕಣ್ಣಿಗೆ ಸೋಕಿಸಿ ನೀಲಿ ಬೆಳಕು ಹಾಯಿಸಿದರೆ ಸಾಕು, ಕೋಶ ಕಿತ್ತುಹೋದ ಜಾಗವಷ್ಟೇ ಹಸಿರಾಗಿ ಝಗ್ಗೆನ್ನುತ್ತದೆ.

ಆದರೆ ಮುಚ್ಚಿದ್ದೆಲ್ಲ ಗಟ್ಟಿಯಾದಂತಲ್ಲ. ಹೊಸ ಹೊದಿಕೆ ತನ್ನ ಅಡಿಪಾಯಕ್ಕೆ ಬಿಗಿಯಾಗಿ ಕಚ್ಚಿಕೊಳ್ಳಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಉಗುರಿನ ಗೀರು ಈ ವಿಷಯದಲ್ಲಿ ಕುಖ್ಯಾತ. ರಾತ್ರಿ ನಿದ್ದೆಯಲ್ಲಿ ರೆಪ್ಪೆ ಆ ಸಡಿಲ ಹೊದಿಕೆಗೆ ಅಂಟಿಕೊಂಡು, ಬೆಳಿಗ್ಗೆ ಕಣ್ಣು ಬಿಟ್ಟೊಡನೆ ಚರ್ರೆಂದು ಕಿತ್ತು ಬರಬಹುದು. ಎಂದೋ ಮರೆತ ಗಾಯ ಮತ್ತೆ ಹಸಿ!

ಕರೀಂ ಅಬ್ದುಲ್ ಜಬ್ಬಾರ್ ಎಂಬ ಬ್ಯಾಸ್ಕೆಟ್‌ಬಾಲ್ ದೈತ್ಯನನ್ನು ಕೇಳಬೇಕು ಇದರ ಕಥೆ. ಆಗಿನ್ನೂ ಲೂ ಆಲ್ಸಿಂಡರ್ ಎಂಬ ಹೆಸರಿನ ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯದ ವಿದ್ಯಾರ್ಥಿ. 1968ರ ಜನವರಿಯಲ್ಲಿ ಎಡಗಣ್ಣಿನ ಕಾರ್ನಿಯಾ ಗೀರಿತು. ಅದೇ ತಿಂಗಳ 20ರಂದು ಆಸ್ಟ್ರೋಡೋಮ್ ಕ್ರೀಡಾಂಗಣದಲ್ಲಿ, 50 ಸಾವಿರಕ್ಕೂ ಹೆಚ್ಚು ಜನರೆದುರು, ಹ್ಯೂಸ್ಟನ್ ವಿರುದ್ಧ ಕಣಕ್ಕಿಳಿದರೆ 18 ಎಸೆತಗಳಲ್ಲಿ ಬುಟ್ಟಿ ಸೇರಿದ್ದು ನಾಲ್ಕೇ! 71–69ರ ಸೋಲು, ತಂಡದ ಸತತ 47 ಗೆಲುವಿನ ಸರಪಳಿ ತುಂಡು. (ಎದುರಾಳಿ ಎಲ್ವಿನ್ ಹೇಸ್ 39 ಅಂಕ ಬಾರಿಸಿದ್ದನ್ನು ಮರೆತು ಎಲ್ಲವನ್ನೂ ಕಣ್ಣಿನ ಮೇಲೆ ಹೊರಿಸುವುದು ಅನ್ಯಾಯ.) 1974ರಲ್ಲಿ ಮತ್ತೆ ಕಣ್ಣಿಗೆ ಪೆಟ್ಟು. ಸಿಟ್ಟಿಗೆ ಬುಟ್ಟಿಯ ಕಂಬಕ್ಕೆ ಗುದ್ದಿ ಕೈಮೂಳೆ ಮುರಿದುಕೊಂಡರು, 16 ಪಂದ್ಯ ಹೋಯಿತು! ಮರಳಿದ್ದು ಕನ್ನಡಕ ತೊಟ್ಟು. ಮುಂದೆ ಆ ಗಾಗಲ್ಸೇ ಅವರ ಗುರುತಾಯಿತು. ಆದರೂ ಕಾರ್ನಿಯಾ ಸವೆತದ ತೊಂದರೆ ಬಿಡಲಿಲ್ಲ: 1986–87ರ ಸೀಸನ್‌ನಲ್ಲೂ ಅದರಿಂದ ಪಂದ್ಯ ತಪ್ಪಿತು.

ಚಿಕಿತ್ಸೆಯಲ್ಲೂ ಅಚ್ಚರಿಗೆ ಕೊರತೆಯಿಲ್ಲ. ಹಿಂದೆಲ್ಲ ಕಣ್ಣಿಗೆ ಪಟ್ಟಿ ಕಟ್ಟುತ್ತಿದ್ದರು. ಹೋಲಿಸಿ ನೋಡಿದಾಗ ಸಣ್ಣ ಗೀರು ಪಟ್ಟಿಯಿಂದ ಬೇಗ ಮಾಯುವುದೂ ಇಲ್ಲ, ನೋವು ತಗ್ಗುವುದೂ ಇಲ್ಲ ಎಂದಾಯಿತು. ಪರೀಕ್ಷೆಗೆಂದು ವೈದ್ಯರು ಹಾಕುವ ಮರಗಟ್ಟಿಸುವ ಡ್ರಾಪ್ಸ್ ಕ್ಷಣದಲ್ಲಿ ಸ್ವರ್ಗ ತೋರಿಸುತ್ತದೆ, ನಿಜ. ಅದನ್ನೇ ಮನೆಗೆ ಒಯ್ದು ಮತ್ತೆ ಮತ್ತೆ ಹಾಕಿಕೊಂಡರೆ ಆ ಜಾರುವ ಕೋಶಗಳ ಓಟವೇ ನಿಂತು ಕಾರ್ನಿಯಾ ಕೆಡುತ್ತದೆ. ಸೋಂಕು ತಡೆಯುವ ಡ್ರಾಪ್ಸ್, ತೇವಕ್ಕೆ ಕೃತಕ ಕಣ್ಣೀರು, ಕಾಂಟ್ಯಾಕ್ಟ್ ಲೆನ್ಸ್‌ಗೆ ರಜೆ: ಬಹುಪಾಲು ಗೀರಿಗೆ ಇಷ್ಟು ಸಾಕು.

ಆದ್ದರಿಂದ ಕೋರ್ಟಿಗಿಳಿಯುವ ಮುನ್ನ ಉಗುರು ಕತ್ತರಿಸಿ, ಪಾಲಿಕಾರ್ಬೊನೇಟ್ ಗಾಗಲ್ಸ್ ತೊಡಿ. ಗೀರಿತೋ, ಕಣ್ಣುಜ್ಜಬೇಡಿ, ಅಜ್ಜಿ ಎಷ್ಟೇ ಒತ್ತಾಯಿಸಲಿ, ಹರಳೆಣ್ಣೆಯೂ ಬೇಡ, ಎದೆಹಾಲೂ ಬೇಡ. ಅಂದೇ ಕಣ್ಣಿನ ವೈದ್ಯರ ಬಳಿ ಹೋಗಿ. ಮತ್ತೆ, ಮೂರನೆಯ ದಿನಕ್ಕೆ ನೋವು ಹೋಯಿತೆಂದು ರೆಪ್ಪೆ ಅಂಟದಿರಲೆಂದು ಅವರು ಬರೆದುಕೊಟ್ಟ ರಾತ್ರಿಯ ಮುಲಾಮನ್ನು ದಯವಿಟ್ಟು ನಿಲ್ಲಿಸಬೇಡಿ.