ಹಾಡಿನ ಕಾರ್ಡಿಗೆ ಯಾವ ಫಾರ್ಮ್ಯಾಟು ಯುಕ್ತ?

ಪರಸ್ಥಳಗಳಲ್ಲಿ ದುಡಿಯುವ ನಮ್ಮವರ ಬಳಿ ಬೇರಾವ ಸೊತ್ತು ಇರಲಿ ಇಲ್ಲದಿರಲಿ, ಅಂಗೈಯಲ್ಲಿ ಅಡಗುವ ಒಂದು ಸಂಗೀತಯಂತ್ರವನ್ನು ಇಟ್ಟುಕೊಂಡವರು ಇಂದಿಗೂ ಅನೇಕರಿದ್ದಾರೆ. ಹೊಟೇಲಿನ ಕೊನೆಯ ಗಿರಾಕಿ ಎದ್ದುಹೋಗಿ, ಮೇಜುಗಳನ್ನೊರೆಸಿ, ಚಾಪೆ ಬಿಚ್ಚಿದ ಮೇಲೆ ಊರ ಭಾಗವತರ ಪದವೊಂದು ಕಿವಿಗೆ ಬೀಳದಿದ್ದರೆ ಕೆಲವರಿಗೆ ನಿದ್ರೆಯೇ ಬಾರದು. ಗುಮಾಸ್ತ ಬಂಧುಗಳಿಗಾದರೋ ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಅದೇ ಸಂಗಡಿಗ. ಎಲ್ಲವೂ ಫೋನಿನಲ್ಲೇ ದೊರೆಯುವಾಗ ಇದೇಕೆಂದು ಕೇಳುವವರುಂಟು. ಡೇಟಾ ಖರ್ಚಿಲ್ಲದೆ, ಜಾಹೀರಾತಿನ ಕಾಟವಿಲ್ಲದೆ, ಫೋನಿನ ಬ್ಯಾಟರಿಯನ್ನು ತಿನ್ನದೆ ಹಾಡುವ ಯಂತ್ರದ ಸುಖವನ್ನು ಬಳಸಿದವರೇ ಬಲ್ಲರು.

ಇಂತಹ ಯಂತ್ರಕ್ಕೆ ಹೊಸದೊಂದು ಮೆಮೊರಿ ಕಾರ್ಡನ್ನೋ ಪೆನ್‌ಡ್ರೈವನ್ನೋ ಕೊಂಡುತಂದು ಕಂಪ್ಯೂಟರಿನಲ್ಲಿ ಫಾರ್ಮ್ಯಾಟು ಮಾಡಹೊರಟರೆ, ಅದು ಒಂದು ಪ್ರಶ್ನೆಯನ್ನು ಮುಂದಿಡುತ್ತದೆ: ಫ್ಯಾಟ್-೩೨ ಬೇಕೋ, ಎಕ್ಸ್‌ಫ್ಯಾಟ್ ಬೇಕೋ, ಎನ್‌ಟಿಎಫ್‌ಎಸ್ ಬೇಕೋ? ಕಣ್ಣುಮುಚ್ಚಿ ಯಾವುದೋ ಒಂದನ್ನು ಒತ್ತಿ, ಹಾಡುಗಳನ್ನೆಲ್ಲ ತುಂಬಿಸಿ, ಯಂತ್ರಕ್ಕೆ ಹಾಕಿದಾಗ ಅದು ಮೌನವ್ರತ ಹಿಡಿದರೆ, ಕಾರ್ಡು ಕೆಟ್ಟಿತೆಂದು ಅಂಗಡಿಯವನೊಡನೆ ಜಗಳಕ್ಕೆ ಹೋಗುವವರೂ ಇದ್ದಾರೆ. ಹಲವು ಸಲ ಕೆಟ್ಟಿರುವುದು ಕಾರ್ಡಲ್ಲ, ಆಯ್ಕೆ.

ಹೊಟೇಲಿನ ಉಗ್ರಾಣವನ್ನು ಬಲ್ಲವರಿಗೆ ಈ ವಿಷಯ ಕಠಿಣವಲ್ಲ. ಉಗ್ರಾಣದ ತುಂಬ ಒಂದೇ ಅಳತೆಯ, ನಂಬರು ಬರೆದ ಡಬ್ಬಿಗಳಿವೆಯೆಂದು ಭಾವಿಸಿರಿ. ಒಂದು ಮೂಟೆ ಅಕ್ಕಿ ಬಂದರೆ ಖಾಲಿ ಸಿಕ್ಕಿದ ಡಬ್ಬಿಗಳಲ್ಲೆಲ್ಲ ಅದನ್ನು ಹಂಚಿ ತುಂಬಬೇಕಾಗುತ್ತದೆ. ಹದಿನೇಳನೆಯ ಡಬ್ಬಿ ಮುಗಿದ ಮೇಲೆ ನಲವತ್ತೆರಡನೆಯದಕ್ಕೆ ಹೋಗು, ಅದು ಮುಗಿದ ಮೇಲೆ ನಲವತ್ತಮೂರಕ್ಕೆ ಹೋಗು ಎಂದು ಒಂದು ಪುಸ್ತಕದಲ್ಲಿ ಬರೆದಿಡಲಾಗುತ್ತದೆ. ಕಾರ್ಡಿನಲ್ಲಿ ಹಾಡು ಕೂಡ ಹೀಗೆಯೇ ತುಂಡುತುಂಡಾಗಿ ಕುಳಿತಿರುತ್ತದೆ. ಆ ಪುಸ್ತಕವನ್ನು ಬರೆಯುವ ಪದ್ಧತಿಯೇ ಫೈಲ್ ಸಿಸ್ಟಮ್. ಒಂದು ಪದ್ಧತಿಯಲ್ಲಿ ಬರೆದ ಪುಸ್ತಕವನ್ನು ಬೇರೊಂದು ಪದ್ಧತಿ ಕಲಿತ ಉಗ್ರಾಣಿ ಓದಲಾರನು. ಅಕ್ಕಿಯೇನೋ ಡಬ್ಬಿಯಲ್ಲೇ ಇರುತ್ತದೆ, ಅನ್ನ ಮಾತ್ರ ಆಗುವುದಿಲ್ಲ.

ಫ್ಯಾಟ್ ಎಂಬುದು ೧೯೭೭ರಷ್ಟು ಹಳೆಯ ಪದ್ಧತಿ. ಅದರ ಫ್ಯಾಟ್-೩೨ ಎಂಬ ರೂಪ ೧೯೯೬ರಲ್ಲಿ ವಿಂಡೋಸ್ ೯೫ರ ಪರಿಷ್ಕೃತ ಆವೃತ್ತಿಯೊಡನೆ ಬಂದಿತು. ಎನ್‌ಟಿಎಫ್‌ಎಸ್ ೧೯೯೩ರದು, ಆಫೀಸು ಕಂಪ್ಯೂಟರುಗಳಿಗೆ ಉತ್ತಮ, ಸಣ್ಣ ಸಂಗೀತಯಂತ್ರಗಳಿಗೆ ಬಹುಮಟ್ಟಿಗೆ ಅಪರಿಚಿತ. ಅದನ್ನು ನಾವು ಇಲ್ಲಿಗೇ ಕೈಬಿಡುತ್ತೇವೆ. ಎಕ್ಸ್‌ಫ್ಯಾಟನ್ನು ೨೦೦೬ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯವರು ಹೊರತಂದರು. ಅದರ ಪೂರ್ಣ ವಿವರಗಳನ್ನು ಅವರು ಸಾರ್ವಜನಿಕವಾಗಿ ಪ್ರಕಟಿಸಿದ್ದು ೨೦೧೯ರಲ್ಲಿ. ಅಗ್ಗದ ಯಂತ್ರಗಳು ಹಳೆಯ ಫ್ಯಾಟ್-೩೨ನ್ನೇ ನೆಚ್ಚಿಕೊಂಡಿರುವುದರಲ್ಲಿ ಆಶ್ಚರ್ಯವಿಲ್ಲ.

ಸೆಕೆಂಡ್‌ಹ್ಯಾಂಡ್ ಐಪಾಡ್ ಕೊಳ್ಳುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ೨೦೦೧ರಲ್ಲಿ ಹುಟ್ಟಿ ೨೦೨೨ರಲ್ಲಿ ತಯಾರಿಕೆ ನಿಂತ ಆ ಯಂತ್ರವನ್ನು ಆಪಲ್‌ನವರ ಮ್ಯಾಕ್ ಕಂಪ್ಯೂಟರಿನಲ್ಲಿ ಸಿದ್ಧಪಡಿಸಿದ್ದರೆ ಅದರೊಳಗಿನ ಪುಸ್ತಕ ಎಚ್‌ಎಫ್‌ಎಸ್ ಪ್ಲಸ್ ಎಂಬ ಬೇರೆಯೇ ಪದ್ಧತಿಯದು. ವಿಂಡೋಸಿನಲ್ಲಿ ಸಿದ್ಧಪಡಿಸಿದ್ದರೆ ಫ್ಯಾಟ್-೩೨.

ಹಾಗಾದರೆ ಫ್ಯಾಟ್-೩೨ಕ್ಕೆ ಕುಂದೇ ಇಲ್ಲವೇ? ಒಂದುಂಟು. ಅದರಲ್ಲಿ ಯಾವ ಒಂದು ಫೈಲೂ ನಾಲ್ಕು ಜಿಬಿಯನ್ನು ಮುಟ್ಟುವಂತಿಲ್ಲ. ಸಾಮಾನ್ಯವಾದ ೧೨೮ ಕೆಬಿಪಿಎಸ್ ಎಂಪಿ೩ ಲೆಕ್ಕದಲ್ಲಿ ಅಷ್ಟು ದೊಡ್ಡ ಫೈಲೆಂದರೆ ಎಪ್ಪತ್ತನಾಲ್ಕು ಗಂಟೆಗಳ ಹಾಡು; ಮೂರು ಹಗಲು ಮೂರು ರಾತ್ರಿ ಕೇಳಿದರೂ ಮುಗಿಯದು. ಆದರೆ ನಮ್ಮವರ ಹವ್ಯಾಸವೊಂದಕ್ಕೆ ಈ ಮಿತಿ ಅಡ್ಡಬರುವುದುಂಟು. ಒಳ್ಳೆಯ ರೆಕಾರ್ಡರಿನಲ್ಲಿ ಇಡೀ ರಾತ್ರಿಯ ಯಕ್ಷಗಾನವನ್ನು ಸಿಡಿ ಗುಣಮಟ್ಟದ ವೇವ್ ಫೈಲಾಗಿ ಹಿಡಿದರೆ, ಆರು ಮುಕ್ಕಾಲು ಗಂಟೆಗೆ ನಾಲ್ಕು ಜಿಬಿ ತುಂಬುತ್ತದೆ. ಒಂಬತ್ತು ಗಂಟೆಯ ಆಟವಾದರೆ ಐದು ಜಿಬಿ ದಾಟಿತು. ಒಂದೇ ಫೈಲಾಗಿ ಇಡಬೇಕೆಂಬ ಹಠವಿದ್ದರೆ ಎಕ್ಸ್‌ಫ್ಯಾಟೇ ಗತಿ. ಇಲ್ಲವೇ ಪ್ರಸಂಗವನ್ನು ನಾಲ್ಕಾರು ಭಾಗ ಮಾಡಬಹುದು, ಎಂಪಿ೩ಗೆ ಇಳಿಸಲೂಬಹುದು. ಕೇಳುವುದಕ್ಕಷ್ಟೇ ಆದರೆ ಎಂಪಿ೩ ಧಾರಾಳ ಸಾಕೆಂದು ನಮ್ಮ ಅಭಿಪ್ರಾಯ.

ಇನ್ನು ಮೂವತ್ತೆರಡು ಜಿಬಿಯ ಮಾತು. ಅದಕ್ಕಿಂತ ದೊಡ್ಡ ಕಾರ್ಡುಗಳು ಎಕ್ಸ್‌ಫ್ಯಾಟ್ ಆಗಿಯೇ ಕಾರ್ಖಾನೆಯಿಂದ ಬರುತ್ತವೆ. ವಿಂಡೋಸಿನ ಫಾರ್ಮ್ಯಾಟ್ ಕಿಟಕಿಯೂ ಬಹುಕಾಲ ಇಂಥ ಕಾರ್ಡಿಗೆ ಫ್ಯಾಟ್-೩೨ರ ಹೆಸರನ್ನೇ ಎತ್ತುತ್ತಿರಲಿಲ್ಲ. ಇದು ಕಿಟಕಿಯ ಮಿತಿಯೇ ಹೊರತು ಪದ್ಧತಿಯ ಮಿತಿಯಲ್ಲ. ಫ್ಯಾಟ್-೩೨ ಎರಡು ಟಿಬಿಯವರೆಗೂ ನಡೆಯುತ್ತದೆ, ಮಾಡಿಕೊಡುವ ಉಚಿತ ಸಾಧನಗಳೂ ಇವೆ. ಹಾಗೆ ಮಾಡಿಕೊಟ್ಟರೆ ೬೪ ಜಿಬಿ ಕಾರ್ಡನ್ನು ಹಲವು ಯಂತ್ರಗಳು ಸದ್ದಿಲ್ಲದೆ ಒಪ್ಪುವುದುಂಟು. ಆದರೂ ಸಾವಿರಾರು ಹಾಡು ಹಿಡಿಯುವ ೩೨ ಜಿಬಿ ಕಾರ್ಡು ಸಾಲದೆನ್ನುವವರು ವಿರಳ. ಬಹುದೊಡ್ಡ ಕಾರ್ಡು ಬಹು ಅಗ್ಗವಾಗಿ ಬೀದಿಬದಿ ಸಿಕ್ಕಿದರೆ ಸಂಶಯಪಡುವುದು ಲೇಸು; ಮೇಲೆ ೫೧೨ ಎಂದು ಅಚ್ಚೊತ್ತಿ ಒಳಗೆ ಅದರ ಹತ್ತಿಪ್ಪತ್ತನೆಯ ಒಂದು ಪಾಲಷ್ಟೇ ಜಾಗವಿರುವ ನಕಲಿ ಕಾರ್ಡುಗಳು ಪೇಟೆಯಲ್ಲಿವೆ.

ಯಾವುದನ್ನೇ ಆರಿಸಿದರೂ, ಹಾಡು ಬರೆಯುತ್ತಿರುವಾಗ ಪೆನ್‌ಡ್ರೈವನ್ನು ಸರಕ್ಕನೆ ಕಿತ್ತರೆ ಪುಸ್ತಕದ ಪುಟ ಅರ್ಧಕ್ಕೆ ನಿಲ್ಲುತ್ತದೆ. ಫ್ಯಾಟ್-೩೨ ತನ್ನ ಪುಸ್ತಕದ ಎರಡು ಪ್ರತಿಗಳನ್ನು ಇಟ್ಟುಕೊಳ್ಳುತ್ತದೆ, ಎಕ್ಸ್‌ಫ್ಯಾಟಿನಲ್ಲಿ ಸಾಮಾನ್ಯವಾಗಿ ಒಂದೇ. ಕಿತ್ತುಕೊಂಡು ಓಡುವ ಸ್ವಭಾವದವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ.

ಈಗ ಅತಿ ಮುಖ್ಯವಾದ ಮಾತು. ಫಾರ್ಮ್ಯಾಟೆಂದರೆ ಹಳೆಯ ಪುಸ್ತಕವನ್ನು ಹರಿದು ಹೊಸದನ್ನು ತೆರೆಯುವುದು. ಸಿನಿಮಾ ಹಾಡು ಹೋದರೆ ಪುನಃ ದೊರೆತೀತು. ಆದರೆ ನಮ್ಮವರ ಕಾರ್ಡುಗಳಲ್ಲಿ ಇರುವುದು ಸಿನಿಮಾ ಹಾಡೊಂದೇ ಅಲ್ಲ. ತಂಗಿಯ ಮದುವೆಯಲ್ಲಿ ಅಜ್ಜಿ ಹೇಳಿದ ಶೋಭಾನೆ, ಈಗಿಲ್ಲದ ತಂದೆಯವರು ಸಂಕ್ರಾಂತಿಯ ದಿನ ಆಡಿದ ಎರಡು ಮಾತು, ಇವು ಇನ್ನೆಲ್ಲಿಯೂ ಇಲ್ಲ. ಆದುದರಿಂದ ಫಾರ್ಮ್ಯಾಟಿನ ಗುಂಡಿಯನ್ನು ಒತ್ತುವ ಮುನ್ನ ಇವನ್ನು ಬೇರೆರಡು ಕಡೆ ಇಳಿಸಿಕೊಳ್ಳಬೇಕು. ಒತ್ತಿಯೇ ಬಿಟ್ಟಿದ್ದರೆ? ಕ್ವಿಕ್ ಫಾರ್ಮ್ಯಾಟು ಆಗಿದ್ದಲ್ಲಿ ಹೋದದ್ದು ಪುಸ್ತಕ ಮಾತ್ರ, ಧಾನ್ಯ ಇನ್ನೂ ಡಬ್ಬಿಗಳಲ್ಲಿ ಇದ್ದೀತು. ಆ ಕಾರ್ಡಿಗೆ ಹೊಸದಾಗಿ ಒಂದು ಹಾಡನ್ನೂ ಹಾಕದೆ ತೆಗೆದಿರಿಸಿ, ಫೋಟೋರೆಕ್ ಎಂಬ ಉಚಿತ ಪ್ರೋಗ್ರಾಮನ್ನು ಬಲ್ಲವರಿಂದ ಓಡಿಸಿ ನೋಡಿರಿ. ಎಷ್ಟೋ ಸಲ ಧ್ವನಿ ಮರಳಿ ಸಿಗುತ್ತದೆ. ಹೆಸರು ಮಾತ್ರ ಸಿಗದು, ಒಂದೊಂದನ್ನೂ ಕೇಳಿ ಗುರುತಿಸಬೇಕು. ಆದರೆ ವಿಂಡೋಸಿನ ಕಿಟಕಿಯಲ್ಲಿ ಕ್ವಿಕ್ ಎಂಬುದರ ಮುಂದಿನ ಗುರುತನ್ನು ತೆಗೆದು ಪೂರ್ಣ ಫಾರ್ಮ್ಯಾಟು ಮಾಡಿದ್ದರೆ, ೨೦೦೭ರ ವಿಸ್ಟಾದಿಂದೀಚೆಗೆ ಅದು ಡಬ್ಬಿಗಳನ್ನೂ ತೊಳೆದು ಬರಿದುಮಾಡುತ್ತದೆ. ಆಗ ಯಾರಿಂದಲೂ ಉಪಾಯವಿಲ್ಲ.

ಕಡೆಯದಾಗಿ ಹೆಸರುಗಳ ವಿಚಾರ. ಫ್ಯಾಟ್-೩೨ರಲ್ಲೂ ಎಕ್ಸ್‌ಫ್ಯಾಟಿನಲ್ಲೂ ಕನ್ನಡದಲ್ಲೇ ಹೆಸರು ಬರೆದಿಡಲು ಯಾವ ಅಡ್ಡಿಯೂ ಇಲ್ಲ. ಅಡ್ಡಿಯಿರುವುದು ಯಂತ್ರದ ಪುಟ್ಟ ಪರದೆಯಲ್ಲಿ. ಅದಕ್ಕೆ ಕನ್ನಡ ಅಕ್ಷರಗಳನ್ನು ಕಲಿಸಿರದಿದ್ದರೆ ಬರಿಯ ಚೌಕಗಳನ್ನು ತೋರಿಸೀತು. ಕನ್ನಡದ ಮೇಲಿನ ಅಭಿಮಾನ ನಮಗೂ ಉಂಟು, ಆದರೂ ಇಲ್ಲಿ ಇಂಗ್ಲಿಷ್ ಲಿಪಿಯೇ ವಾಸಿ. ಹೆಸರಿನ ಮೊದಲು ಸೊನ್ನೆ ಒಂದು, ಸೊನ್ನೆ ಎರಡು ಎಂದು ಅಂಕೆ ಹಾಕಿ, ಆ ಕ್ರಮದಲ್ಲೇ ಒಂದೊಂದಾಗಿ ಕಾರ್ಡಿಗೆ ಇಳಿಸಬೇಕು. ಅನೇಕ ಅಗ್ಗದ ಯಂತ್ರಗಳು ಹೆಸರಿನ ಅಕಾರಾದಿಯನ್ನು ನೋಡದೆ, ಪುಸ್ತಕದಲ್ಲಿ ಬರೆದ ಸರದಿಯಂತೆ ಹಾಡುತ್ತವೆ. ಸರದಿ ತಪ್ಪಿದರೆ ಮಹಿಷಾಸುರನ ವಧೆ ಮೊದಲಾಗಿ, ಅವನ ಪ್ರವೇಶ ಆಮೇಲೆ ಕೇಳಿಬರುತ್ತದೆ.