ಮೂತ್ರಪಿಂಡದ ವಿನಿಮಯ: ದೇಹದ ನಿರಾಕರಣವೂ ಸಂಸ್ಥೆಗಳ ವ್ಯವಸ್ಥೆಯೂ

‘ಕಸಿ’ ಎಂಬ ಮಾತು ಕನ್ನಡದಲ್ಲಿ ಮೊದಲು ತೋಟಗಾರನದು. ವೈದ್ಯನು ಅದನ್ನು ಈಚೆಗೆ ಎರವಲಾಗಿ ಪಡೆದಿರುವನು. ಕಾಡುಮಾವಿನ ಗಿಡಕ್ಕೆ ರಸಪುರಿಯ ಕೊಂಬೆಯನ್ನು ಕೂಡಿಸಿ ಕಟ್ಟಿದರೆ ಎರಡೂ ಬೆಸೆದು ಒಂದೇ ಮರವಾಗಿ ಬೆಳೆಯುವುವು. ಬುಡವು ಕೊಂಬೆಯನ್ನು ಪರಕೀಯವೆಂದು ಹೊರದೂಡುವುದಿಲ್ಲ. ಮನುಷ್ಯದೇಹದ ಸ್ವಭಾವವು ಹಾಗಿಲ್ಲ. ಅದು ತನ್ನದಲ್ಲದುದನ್ನು ಗುರುತಿಸಿ ನಾಶಪಡಿಸುವುದು. ಆದಕಾರಣ ಈ ರೂಪಕವು ಅರ್ಧ ಮಾತ್ರ ಸಲ್ಲತಕ್ಕುದು; ಸಲ್ಲದ ಅರ್ಧದಲ್ಲಿಯೇ ಪ್ರಕೃತ ವಿಷಯದ ಕಷ್ಟವೆಲ್ಲವೂ ಅಡಗಿರುವುದು.

ಈ ನಿರಾಕರಣವು ಶಸ್ತ್ರವೈದ್ಯನ ಕೈಯ ಕೊರತೆಯಿಂದ ಆಗುವುದಲ್ಲ, ದೇಹದ ರಕ್ಷಣಶಕ್ತಿಯ ಕಾರ್ಯವೇ ಎಂಬುದು ಎರಡನೆಯ ಮಹಾಯುದ್ಧದ ಕಾಲದಲ್ಲಿ ಸ್ಪಷ್ಟವಾಯಿತು. ಗ್ಲಾಸ್ಗೋ ನಗರದಲ್ಲಿ ಸುಟ್ಟಗಾಯಗಳಾಗಿದ್ದ ಓರ್ವ ಸ್ತ್ರೀಗೆ ಆಕೆಯ ಸಹೋದರನ ಚರ್ಮವನ್ನು ಎರಡು ಸಾರಿ ಇಟ್ಟು ನೋಡಲಾಗಿ, ಎರಡನೆಯ ಸಾರಿಯದು ಮೊದಲಿನದಕ್ಕಿಂತ ಶೀಘ್ರವಾಗಿ ನಾಶವಾದುದನ್ನು ಗಿಬ್ಸನ್ ಮತ್ತು ಮೆಡವಾರ್ ಎಂಬವರು 1943ರಲ್ಲಿ ಪ್ರಕಟಿಸಿದರು. ದೇಹವು ಶತ್ರುವನ್ನು ನೆನಪಿನಲ್ಲಿಟ್ಟುಕೊಂಡಿತ್ತೆಂದೇ ಇದರ ತಾತ್ಪರ್ಯ. 1954ರ ಡಿಸೆಂಬರಿನಲ್ಲಿ ಬಾಸ್ಟನ್ ನಗರದ ಮರ್ರೆಯು ಮೂತ್ರಪಿಂಡದ ಕಸಿಯಲ್ಲಿ ಕೃತಕಾರ್ಯನಾದನಷ್ಟೆ. ಅಲ್ಲಿ ಕೊಟ್ಟವನೂ ಪಡೆದವನೂ ಏಕರೂಪದ ಅವಳಿಗಳಾಗಿದ್ದುದರಿಂದ ‘ಪರ’ ಎಂಬ ಪ್ರಶ್ನೆಯೇ ಏಳಲಿಲ್ಲ.

ಅವಳಿ ಸಹೋದರನಿಲ್ಲದ ರೋಗಿಗೆ ಮುಖ್ಯವಾಗಿ ಎರಡು ತಡೆಗಳುಂಟು. ಮೊದಲನೆಯದು ರಕ್ತದ ಗುಂಪು. ‘ಓ’ ಗುಂಪಿನವರ ಮೂತ್ರಪಿಂಡವು ಗುಂಪಿನ ದೃಷ್ಟಿಯಿಂದ ಎಲ್ಲರಿಗೂ ಸಲ್ಲುವುದು. ಆದರೆ ‘ಓ’ ಗುಂಪಿನ ರೋಗಿಗೆ ‘ಓ’ ಒಂದೇ ಸಲ್ಲುವುದು. ಎರಡನೆಯದು ಜೀವಕೋಶಗಳ ಮೇಲಿರುವ, ಎಚ್.ಎಲ್.ಎ. ಎಂದು ಕರೆಯಲ್ಪಡುವ ಗುರುತುಗಳು. ಹಿಂದೆ ಎಂದಾದರೂ ಪರರ ಗುರುತುಗಳ ಸಂಪರ್ಕವಾಗಿದ್ದರೆ ರೋಗಿಯ ರಕ್ತದಲ್ಲಿ ಅವುಗಳಿಗೆ ವಿರೋಧವಾದ ಪ್ರತಿಕಾಯಗಳು ಸಿದ್ಧವಾಗಿರುವುವು. ರಕ್ತಪೂರಣ, ಹಿಂದಣ ಕಸಿ, ಗರ್ಭಧಾರಣೆ ಇವು ಮೂರೂ ಈ ಸಂಪರ್ಕಕ್ಕೆ ದಾರಿಗಳು. ಇವುಗಳಲ್ಲಿ ಮೂರನೆಯದನ್ನು ವಿಶೇಷವಾಗಿ ಗಮನಿಸಬೇಕು. ಗರ್ಭಸ್ಥ ಶಿಶುವಿನ ಗುರುತುಗಳಲ್ಲಿ ಅರ್ಧವು ತಂದೆಯವು. ಅವುಗಳನ್ನು ಎದುರಿಸಲು ತಾಯಿಯ ದೇಹವು ಪ್ರತಿಕಾಯಗಳನ್ನು ರಚಿಸಿಟ್ಟಿರುವುದುಂಟು. ಮುಂದೆ ಆಕೆಯ ಮೂತ್ರಪಿಂಡಗಳು ಕೆಟ್ಟು ಪತಿಯು ತನ್ನದೊಂದನ್ನು ಕೊಡಲು ಮುಂದೆ ಬಂದರೆ, ಆತನ ಮಕ್ಕಳನ್ನು ಹೆತ್ತ ಕಾರಣದಿಂದಲೇ ಆಕೆಯ ದೇಹವು ಆತನ ದಾನವನ್ನು ಒಲ್ಲದಾಗುವುದು. ದಾಂಪತ್ಯದ ವಿಷಯದಲ್ಲಿ ಪ್ರಕೃತಿಯು ಮಾಡಿರುವ ಇದಕ್ಕಿಂತ ಕ್ರೂರವಾದ ವ್ಯಂಗ್ಯವು ದುರ್ಲಭ.

ಈ ಪ್ರತಿಕಾಯಗಳ ಬಲವೆಷ್ಟೆಂಬುದನ್ನು ಪಟೇಲ್ ಮತ್ತು ತೆರಸಾಕಿ ಎಂಬವರು 1969ರಲ್ಲಿ ಅಂಕಿಗಳಿಂದ ತೋರಿಸಿದರು. ದಾನಿಯ ಬಿಳಿಯ ರಕ್ತಕಣಗಳನ್ನು ರೋಗಿಯ ರಕ್ತದ್ರವದಲ್ಲಿ ಬೆರಸಿ ನೋಡುವ ಪರೀಕ್ಷೆಯಲ್ಲಿ ವಿರೋಧವು ಕಂಡುಬಂದ 30 ಕಸಿಗಳಲ್ಲಿ 24 ಒಡನೆಯೇ ಕೆಟ್ಟುವು. ವಿರೋಧವು ಕಾಣದ 195ರಲ್ಲಿ ಹಾಗೆ ಕೆಟ್ಟುವು 8 ಮಾತ್ರ. ಅಂದಿನಿಂದ ಈ ಪರೀಕ್ಷೆಯಿಲ್ಲದೆ ಕಸಿಮಾಡುವುದು ಅನುಚಿತವೆಂದಾಯಿತು. ಇದರಿಂದ ವ್ಯರ್ಥವಾದ ಶಸ್ತ್ರಚಿಕಿತ್ಸೆಗಳು ತಪ್ಪಿದುವು. ಕೊಡಲು ಮನಸ್ಸುಳ್ಳವರನೇಕರು ಬಾಗಿಲಿನಿಂದ ಹಿಂದಿರುಗಬೇಕಾಗಿಯೂ ಬಂದಿತು.

ಇಂತಹ ಎರಡು ಜೋಡಿಗಳನ್ನು ಕೂಡಿಸಿದರೆ ಏನಾಗಬಹುದು? ಮೊದಲನೆಯ ಜೋಡಿಯ ದಾನಿಯು ಎರಡನೆಯದರ ರೋಗಿಗೂ, ಎರಡನೆಯದರ ದಾನಿಯು ಮೊದಲನೆಯದರ ರೋಗಿಗೂ ಹೊಂದುವುದಾದರೆ ಇಬ್ಬರೂ ಬದುಕಿಯಾರು. ಈ ಸೂಚನೆಯನ್ನು ರಾಪಪೋರ್ಟ್ ಎಂಬವನು 1986ರಲ್ಲಿ ಮುಂದಿಟ್ಟನು; ದಕ್ಷಿಣ ಕೊರಿಯಾದಲ್ಲಿ 1991ರಲ್ಲಿ ಅದು ಕಾರ್ಯಗತವಾಯಿತು. ಆದರೆ ಹೊಂದುವ ಜೋಡಿಯು ಎಲ್ಲಿರುವುದೆಂಬುದನ್ನು ಯಾವ ಒಬ್ಬ ವೈದ್ಯನೂ ಅರಿಯಲಾರನು. ಇಲ್ಲಿಂದ ಮುಂದೆ ವಿಷಯವು ರೋಗಶಾಸ್ತ್ರದಿಂದ ವ್ಯವಸ್ಥಾಶಾಸ್ತ್ರಕ್ಕೆ ಸೇರತಕ್ಕುದಾಗಿದೆ.

ಶೇಪ್ಲೆ ಮತ್ತು ಸ್ಕಾರ್ಫ್ ಎಂಬವರು 1974ರಲ್ಲಿ ಒಂದು ಗಣಿತಪ್ರಶ್ನೆಯನ್ನು ವಿಚಾರಮಾಡಿದ್ದರು. ಪ್ರತಿಯೊಬ್ಬನಿಗೂ ಒಂದೊಂದು ಮನೆಯಿದ್ದು, ಹಣವನ್ನು ಬಳಸದೆ, ಎಲ್ಲರೂ ಸಮ್ಮತಿಸುವಂತೆ ಅವನ್ನು ಅದಲುಬದಲು ಮಾಡುವ ಬಗೆ ಹೇಗೆಂಬುದೇ ಆ ಪ್ರಶ್ನೆ. ಅಂದು ಅದು ಬರಿಯ ಬುದ್ಧಿವಿಲಾಸದಂತೆ ತೋರಿದ್ದಿರಬೇಕು. ಆದರೆ ಹಣವು ಕೂಡದೆಂಬ ನಿಯಮವು ಮನುಷ್ಯನ ಅವಯವಗಳ ವಿಷಯದಲ್ಲಿ ನಿಜವಾಗಿಯೇ ಇರುವುದಷ್ಟೆ. ರಾತ್, ಸನ್ಮೆಜ್, ಉನ್ವರ್ ಎಂಬ ಮೂವರು ಅರ್ಥಶಾಸ್ತ್ರಜ್ಞರು 2004ರಲ್ಲಿ ಅದೇ ತರ್ಕವನ್ನು ಮೂತ್ರಪಿಂಡಗಳಿಗೆ ಅನ್ವಯಿಸಿದರು. ಅದೇ ವರ್ಷದಲ್ಲಿ ನ್ಯೂ ಇಂಗ್ಲೆಂಡ್ ಪ್ರಾಂತದ ವೈದ್ಯರೊಡನೆ ಕೂಡಿ ಒಂದು ವಿನಿಮಯಸಂಸ್ಥೆಯು ಏರ್ಪಟ್ಟಿತು. ರಾತ್ ಮತ್ತು ಶೇಪ್ಲೆಯರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನವು ಬಂದಿತು.

ಗಣಿತವು ಕಾಣದಿದ್ದ ತೊಡಕುಗಳು ಆಚರಣೆಯಲ್ಲಿ ತಲೆದೋರಿದುವು. ತನ್ನ ಪತ್ನಿಗೆ ಮೂತ್ರಪಿಂಡವು ದೊರೆತ ಮೇಲೆ ಪತಿಯು ‘ಒಲ್ಲೆ’ ಎಂದರೆ ಆತನನ್ನು ಬಲಾತ್ಕರಿಸುವಂತಿಲ್ಲ. ಆದುದರಿಂದ ಶಸ್ತ್ರಚಿಕಿತ್ಸೆಗಳೆಲ್ಲವೂ ಏಕಕಾಲದಲ್ಲಿ ನಡೆಯಬೇಕಾಯಿತು: ಎರಡು ಜೋಡಿಗಳಿಗೆ ನಾಲ್ಕು ಶಸ್ತ್ರಶಾಲೆಗಳು, ಮೂರಕ್ಕೆ ಆರು. ಅದಲ್ಲದೆ, ‘ಓ’ ದಾನಿ ಮತ್ತು ‘ಎ’ ರೋಗಿಗಳ ಜೋಡಿಯು ಸಾಮಾನ್ಯವಾಗಿ ತನ್ನೊಳಗೇ ಹೊಂದುವುದರಿಂದ ವಿನಿಮಯಕ್ಕೆ ಬರುವುದೇ ಇಲ್ಲ; ‘ಎ’ ದಾನಿ ಮತ್ತು ‘ಓ’ ರೋಗಿಗಳ ಜೋಡಿಗಳಾದರೋ ಬಂದು ತುಂಬುವುವು. ಹೀಗೆ ಪಟ್ಟಿಯಲ್ಲಿ ‘ಓ’ ಬೇಡುವವರು ಹೆಚ್ಚಾಗಿಯೂ ಕೊಡುವವರು ವಿರಳವಾಗಿಯೂ ಇರುವರು. ಆಸ್ಪತ್ರೆಗಳ ವರ್ತನೆಯೋ ಮತ್ತೊಂದು ಬಗೆ. ಸುಲಭವಾದ ಜೋಡಿಗಳನ್ನು ತಮ್ಮಲ್ಲಿಯೇ ಕೂಡಿಸಿ, ಕಠಿನವಾದವನ್ನು ಮಾತ್ರ ಸಮಷ್ಟಿಯ ಪಟ್ಟಿಗೆ ಕಳುಹಿಸುವ ಪ್ರವೃತ್ತಿಯು ಕಂಡುಬಂದಿತು. ಒಂದೊಂದರ ದೃಷ್ಟಿಯಿಂದ ಇದು ವಿವೇಕವೇ ಸರಿ. ಎಲ್ಲವೂ ಹೀಗೆ ನಡೆದರೆ ಒಟ್ಟಿನಲ್ಲಿ ಬದುಕುವವರ ಸಂಖ್ಯೆಯು ಕುಗ್ಗುವುದು. ಇದು ಯಾರೊಬ್ಬರ ದುಷ್ಟತನವಲ್ಲವಾದುದರಿಂದ ಬೋಧನೆಯಿಂದ ಹೋಗತಕ್ಕುದಲ್ಲ, ನಿಯಮಗಳ ರಚನೆಯಿಂದ ಹೋಗತಕ್ಕುದು.

ಏಕಕಾಲದ ನಿರ್ಬಂಧವನ್ನು ಸಡಿಲಿಸಿದ ಉಪಾಯವು ಬಹು ಸರಳವಾದುದು. ಯಾವ ರೋಗಿಯ ಬಂಧುವೂ ಅಲ್ಲದ ದಾನಿಯೊಬ್ಬನು ಮೊದಲಲ್ಲಿ ನಿಂತರೆ, ಆತನಿಂದ ಪಡೆದ ರೋಗಿಯ ಬಂಧುವು ಮುಂದಿನವರಿಗೆ, ಅವರ ಬಂಧುವು ಅದರ ಮುಂದಿನವರಿಗೆ ಎಂದು ಸರಪಳಿಯು ಬೆಳೆಯುವುದು. ಇಲ್ಲಿ ಪ್ರತಿ ಜೋಡಿಯೂ ಮೊದಲು ಪಡೆದು ಆಮೇಲೆ ಕೊಡುವುದರಿಂದ, ನಡುವೆ ಒಬ್ಬನು ಮಾತು ತಪ್ಪಿದರೂ ಮುಂದೆ ಕಾದಿರುವ ಜೋಡಿಯು ತನ್ನ ದಾನಿಯ ಮೂತ್ರಪಿಂಡವನ್ನು ಕಳೆದುಕೊಂಡಿರುವುದಿಲ್ಲ. ಅದಕ್ಕೆ ನಿರಾಶೆಯುಂಟು, ನಾಶವಿಲ್ಲ. ಅಮೆರಿಕದಲ್ಲಿ 2007ರ ಜುಲೈ ತಿಂಗಳಿನಲ್ಲಿ ಹೀಗೆ ಒಬ್ಬ ದಾನಿಯಿಂದ ಮೊದಲಾದ ಸರಪಳಿಯಿಂದ ಹತ್ತು ಕಸಿಗಳು ನಡೆದುವೆಂದು ರೀಸ್ ಮತ್ತು ಆತನ ಸಂಗಡಿಗರು 2009ರಲ್ಲಿ ವರದಿಮಾಡಿದರು. ಸಂಶಯಕ್ಕೆ ಎಡೆಯಿರುವಲ್ಲಿಯೂ ಜನರಲ್ಲಿ ಬಹುಮಂದಿ ಮಾತಿಗೆ ನಿಂತರೆಂಬುದು ಗಣಿತಕ್ಕೆ ಹೊರಗಿನ ಸಂಗತಿ.

ಇಂಡಿಯಾ ದೇಶದಲ್ಲಿ 1994ರ ಮಾನವ ಅವಯವಗಳ ಕಸಿಯ ಕಾಯಿದೆಯು ಕ್ರಯವಿಕ್ರಯವನ್ನು ನಿಷೇಧಿಸಿತು. ಜೋಡಿಗಳ ವಿನಿಮಯದ ಪ್ರಸ್ತಾಪವು ಅದರಲ್ಲಿರಲಿಲ್ಲ. 2011ರ ತಿದ್ದುಪಡಿಯಿಂದ ಅದಕ್ಕೆ ಸ್ಥಾನವು ದೊರೆಯಿತು. ಪ್ರತಿ ಜೋಡಿಯಲ್ಲಿಯೂ ದಾನಿಯು ರೋಗಿಯ ಹತ್ತಿರದ ಬಂಧುವಾಗಿರಬೇಕು, ಎಲ್ಲರೂ ಕೂಡಿ ಒಂದೇ ಒಪ್ಪಂದಕ್ಕೆ ಒಳಪಡಬೇಕು, ಅಧಿಕೃತ ಸಮಿತಿಯ ಪೂರ್ವಾನುಮತಿಯು ಬೇಕು ಎಂದು ಅದರ ವಿಧಿ. ಅವಯವಗಳ ಮಾರಾಟದ ಕಹಿ ಅನುಭವವುಳ್ಳ ದೇಶದಲ್ಲಿ ಈ ಎಚ್ಚರವು ಅಕಾರಣವಲ್ಲ. ಆದರೆ ಪರಸ್ಪರ ಬಂಧುಗಳ ಜೋಡಿಯನ್ನೇ ಆಧಾರವಾಗಿಟ್ಟುಕೊಂಡಿರುವ ಈ ವಿಧಿಯಲ್ಲಿ, ಯಾರಿಗೂ ಬಂಧುವಲ್ಲದ ಮೊದಲ ದಾನಿಯಿಂದ ಹೊರಡುವ ಸರಪಳಿಗೆ ಎಡೆಯಿಲ್ಲ. ಎರಡು ಮೂರು ಜೋಡಿಗಳ ವರ್ತುಲಗಳನ್ನೇ ಹುಡುಕಬೇಕಾಗಿದೆ, ಅದಕ್ಕೆ ಒಂದೊಂದು ಆಸ್ಪತ್ರೆಯ ಪಟ್ಟಿಯು ಸಾಲದು.